ಮುಖದ ಕಲೆ, ಬಂಗು, ಸುಕ್ಕು: ದಾವಣಗೆರೆ–ಚಿತ್ರದುರ್ಗ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹರಿಹರದಿಂದ ಹಿರಿಯೂರಿನವರೆಗೆ, ಚನ್ನಗಿರಿಯಿಂದ ಚಳ್ಳಕೆರೆಯವರೆಗೆ ಜನ ಚರ್ಮದ ಬಣ್ಣದ ಬಗ್ಗೆ ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇವೆ. ಬೆಳ್ಳಗಾಗುವ ಉಪಾಯ ಇಲ್ಲಿಲ್ಲ. ಕಪ್ಪು ಮೈಬಣ್ಣ ಕಾಯಿಲೆಯಲ್ಲ, ಅದಕ್ಕೆ ಔಷಧಿಯೂ ಬೇಡ. ಆದರೆ ಒಂದೇ ಮೈಯಲ್ಲಿ ಒಂದು ಜಾಗ ಮಾತ್ರ ಕಪ್ಪಾದರೆ ಅಥವಾ ಬಿಳುಪಾದರೆ ಅದಕ್ಕೊಂದು ಕಾರಣ ಇರುತ್ತದೆ. ಆ ಕಾರಣ ಮುಂದುವರಿಯುತ್ತಿರುವಾಗ ಎಷ್ಟು ದುಬಾರಿ ಟ್ಯೂಬ್ ಹಚ್ಚಿದರೂ ದುಡ್ಡು ದಂಡ.

## ಮೊದಲು ತಿಳಿಯಬೇಕಾದದ್ದು

ಒಂದೇ ಮೈಯಲ್ಲಿ ಮುಖ ಒಂದು ಬಣ್ಣ, ಹೊಟ್ಟೆ ಒಂದು ಬಣ್ಣ. ಯಾಕೆ ಹೀಗೆ?

ಚರ್ಮದ ಮೇಲ್ಪದರದ ತಳದಲ್ಲಿ ಮೆಲನೋಸೈಟ್ ಎಂಬ ಜೀವಕೋಶಗಳಿವೆ. ಅವು ಮೆಲನಿನ್ ಎಂಬ ಬಣ್ಣವನ್ನು ಸಣ್ಣ ಕಣಗಳಾಗಿ ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಆ ಕಣಗಳು ಕೋಶಕೇಂದ್ರದ ಮೇಲೆ ಕೊಡೆ ಹಿಡಿದಂತೆ ಕೂತು, ಬಿಸಿಲಿನ ಅತಿನೇರಳೆ ಕಿರಣ ಡಿಎನ್‌ಎಗೆ ತಾಗದಂತೆ ಕಾಯುತ್ತವೆ. ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಕಣಗಳ ಗಾತ್ರ ಮತ್ತು ಹಂಚಿಕೆಯಲ್ಲಿ ಮಾತ್ರ ವ್ಯತ್ಯಾಸ. ಮುಖದಲ್ಲಿ ಈ ಕೋಶಗಳು ಹೊಟ್ಟೆ, ಬೆನ್ನಿಗಿಂತ ದಟ್ಟವಾಗಿವೆ, ಬಿಸಿಲೂ ಅಲ್ಲೇ ಹೆಚ್ಚು ಬೀಳುತ್ತದೆ. ಹಾಗಾಗಿ ಮುಖ ಬೇಗ ಕಪ್ಪಾಗುತ್ತದೆ.

ಈ ಕೋಶಗಳನ್ನು ಕೆರಳಿಸುವುದು ಮುಖ್ಯವಾಗಿ ಬೆಳಕು, ಹಾರ್ಮೋನು, ಉರಿಯೂತ ಮತ್ತು ಉಜ್ಜಾಟ. ಬಣ್ಣ ಮೇಲ್ಪದರದಲ್ಲೇ ಉಳಿದಿದ್ದರೆ ಕಲೆ ಕಂದಾಗಿ ಕಾಣುತ್ತದೆ, ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಕೆಳಪದರಕ್ಕೆ ಇಳಿದಿದ್ದರೆ ಬೂದಿ ಅಥವಾ ನೀಲಿ ಛಾಯೆ ಬರುತ್ತದೆ, ವರ್ಷಗಟ್ಟಲೆ ನಿಲ್ಲುತ್ತದೆ.

ಬಂಗು, ಚಿಬ್ಬು, ತೊನ್ನು ಎಲ್ಲಾ ಒಂದೇನಾ? ನೋಡಿದ್ರೆ ಗೊತ್ತಾಗುತ್ತಾ?

ಒಂದೇ ಅಲ್ಲ. ಒಂದರ ಔಷಧಿ ಇನ್ನೊಂದಕ್ಕೆ ಹಚ್ಚಿ ಕೆಡಿಸಿಕೊಳ್ಳುವವರು ಬಹಳ.

ಬಂಗು ಎರಡೂ ಕೆನ್ನೆ, ಹಣೆ, ಮೂಗಿನ ದಿಣ್ಣೆ, ಮೇಲ್ದುಟಿಯ ಮೇಲೆ ಕಂದು ಅಥವಾ ಬೂದು ಬಣ್ಣದಲ್ಲಿ, ಸಾಮಾನ್ಯವಾಗಿ ಎರಡೂ ಕಡೆ ಒಂದೇ ಥರ ಬರುತ್ತದೆ. ತುರಿಕೆ ಇಲ್ಲ, ಹೊಟ್ಟಿಲ್ಲ. ಹೆಣ್ಣುಮಕ್ಕಳಲ್ಲಿ ಹೆಚ್ಚು, ಗಂಡಸರಿಗೂ ಬರುತ್ತದೆ.

ಚಿಬ್ಬು ಒಂದು ಶಿಲೀಂಧ್ರದ ಕೆಲಸ. ಎದೆ, ಬೆನ್ನು, ಕುತ್ತಿಗೆ, ತೋಳಿನ ಮೇಲೆ ಬಿಳುಪು ಅಥವಾ ಕಂದು ಚುಕ್ಕೆಗಳು. ಉಗುರಿನಿಂದ ಮೆಲ್ಲಗೆ ಕೆರೆದರೆ ಸಣ್ಣ ಹೊಟ್ಟು ಏಳುತ್ತದೆ. ಬೆವರುವ ತಿಂಗಳಲ್ಲಿ ಹೆಚ್ಚು. ಕೀಟೊಕೊನಜೋಲ್ ಶೇ 2ರ ಶಾಂಪೂವಿನ ನೊರೆಯನ್ನು ಆ ಜಾಗಕ್ಕೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯುವುದು ಸಾಮಾನ್ಯ ಚಿಕಿತ್ಸೆ. ಶಿಲೀಂಧ್ರ ಸತ್ತ ಮೇಲೂ ಬಣ್ಣ ಮರಳಲು ಎರಡು ಮೂರು ತಿಂಗಳು ಬೇಕು. ಔಷಧಿ ಹತ್ತಲಿಲ್ಲ ಎಂದು ಜನ ಇಲ್ಲೇ ಗಾಬರಿಯಾಗುವುದು.

ತೊನ್ನು ಸುಣ್ಣದಂತೆ ಪೂರ್ತಿ ಬಿಳುಪು, ಅಂಚು ಸ್ಪಷ್ಟ, ಹೊಟ್ಟಿಲ್ಲ. ಮೈಯ ರೋಗನಿರೋಧಕ ವ್ಯವಸ್ಥೆಯೇ ಬಣ್ಣದ ಕೋಶಗಳನ್ನು ಕೊಲ್ಲುವುದರಿಂದ ಬರುತ್ತದೆ. ಮುಟ್ಟಿದರೆ ಅಂಟುವುದಿಲ್ಲ.

ಸಣ್ಣ ಮಕ್ಕಳ ಕೆನ್ನೆಯಲ್ಲಿ ಮಸುಕಾದ ಬಿಳಿ ಮಚ್ಚೆ ಕಂಡರೆ ಹೊಟ್ಟೆಹುಳು ಎನ್ನುತ್ತಾರೆ. ಹುಳಕ್ಕೂ ಅದಕ್ಕೂ ಸಂಬಂಧವಿಲ್ಲ. ಒಣಚರ್ಮದ ಮೃದು ಉರಿಯೂತ ಅದು. ದಿನಕ್ಕೆರಡು ಸಲ ಕೊಬ್ಬರಿ ಎಣ್ಣೆ ಅಥವಾ ಮಾಯಿಶ್ಚರೈಸರ್ ಸಾಕು.

ಇನ್ನೊಂದನ್ನು ಮರೆಯಬಾರದು. ಬಿಳುಪಾದ ಅಥವಾ ಕೆಂಪಾದ ಮಚ್ಚೆಯಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ, ಬಿಸಿ–ತಣ್ಣಗೆ ತಿಳಿಯದಿದ್ದರೆ, ಅದು ಕುಷ್ಠದ ಮೊದಲ ಗುರುತಾಗಿರಬಹುದು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಬೇಗ ಹಿಡಿದರೆ ಪೂರ್ತಿ ವಾಸಿಯಾಗುತ್ತದೆ, ಕೈಕಾಲು ಊನವಾಗುವುದಿಲ್ಲ.

ಇನ್ನೂ ಮೂವತ್ತೈದು ವಯಸ್ಸು, ಆಗ್ಲೇ ಮುಖ ವಯಸ್ಸಾದವರ ಥರ ಕಾಣ್ತೈತೆ. ಯಾಕ್ರಿ?

ಚರ್ಮ ಮುಪ್ಪಾಗುವುದು ಎರಡು ದಾರಿಯಲ್ಲಿ. ಒಂದು ಹುಟ್ಟಿನಿಂದ ಬಂದದ್ದು: ಹರೆಯ ದಾಟಿದ ಮೇಲೆ ಚರ್ಮದ ಬಿಗಿಗೆ ಕಾರಣವಾದ ಕೊಲಾಜೆನ್ ವರ್ಷಕ್ಕೆ ಸುಮಾರು ಶೇ 1ರಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಇದು ದಿಢೀರನೆ ಇಳಿಯುತ್ತದೆ, ಸುಮಾರು ಶೇ 30ರಷ್ಟು. ಇನ್ನೊಂದು ಹೊರಗಿನಿಂದ ಬರುವುದು: ಬಿಸಿಲು, ತಂಬಾಕು, ಹೊಗೆ. ನಿಮ್ಮ ತೋಳಿನ ಒಳಮೈಯನ್ನೂ ಮುಂಗೈಯ ಹೊರಮೈಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡಕ್ಕೂ ವಯಸ್ಸು ಒಂದೇ. ಕಾಣುವ ವ್ಯತ್ಯಾಸದಲ್ಲಿ ಬಹುಪಾಲು ಬಿಸಿಲಿನದು.

ನಮ್ಮ ಥರದ ಚರ್ಮದಲ್ಲಿ ಸುಕ್ಕು ತಡವಾಗಿ ಬರುತ್ತದೆ, ಕಲೆ ಮೊದಲು ಬರುತ್ತದೆ. ಕಣ್ಣಿನ ಸುತ್ತ ಕಪ್ಪು, ಕೆನ್ನೆಯಲ್ಲಿ ಬಂಗು, ಬಾಯಿಯ ಸುತ್ತ ಮಂಕು, ಸಣ್ಣ ಕಪ್ಪು ಗುಳ್ಳೆಗಳು. ಮೂವತ್ತೈದಕ್ಕೆ ಮುದುಕರಂತೆ ಕಾಣಿಸುವುದು ಹೆಚ್ಚಾಗಿ ಈ ಬಣ್ಣದ ಏರುಪೇರಿನಿಂದ. ಇದರಲ್ಲಿ ಸರಿಮಾಡಬಹುದಾದ ಭಾಗ ದೊಡ್ಡದಿದೆ.

ಮೋಡ ಇದ್ದ ದಿನಾನೂ ಬಿಸಿಲು ಚರ್ಮ ಸುಡುತ್ತಾ?

ಸೆಕೆ ಬೇರೆ, ಅತಿನೇರಳೆ ಕಿರಣ ಬೇರೆ. ತೆಳುಮೋಡ ಸೆಕೆಯನ್ನು ತಡೆದರೂ ಕಿರಣದ ಬಹುಭಾಗವನ್ನು ಬಿಡುತ್ತದೆ. ನಮ್ಮ ಎರಡೂ ಜಿಲ್ಲೆಗಳು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆದ್ದರಿಂದ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ಬರುತ್ತಾನೆ, ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯಕ್ಕೆ ಇನ್ನೊಮ್ಮೆ. ಆಗಸ್ಟ್‌ನಲ್ಲಿ ತಂಪು ಗಾಳಿ ಬೀಸುತ್ತಿರುತ್ತದೆ, ಯಾರೂ ಛತ್ರಿ ಹಿಡಿಯುವುದಿಲ್ಲ. ಮೋಡ ಸರಿದ ಗಳಿಗೆಯಲ್ಲಿ ಕಿರಣ ಮಾತ್ರ ಬೇಸಿಗೆಯಷ್ಟೇ ಚುರುಕು.

ಇನ್ನೊಂದು ವಿಷಯ: ಇಲ್ಲಿ ನಿಜವಾದ ನಡುಹಗಲು ಗಡಿಯಾರದ 12ಕ್ಕೆ ಆಗುವುದಿಲ್ಲ. ಋತು ನೋಡಿಕೊಂಡು 12.10ರಿಂದ 12.40ರ ಒಳಗೆ ಆಗುತ್ತದೆ. ಹಾಗಾಗಿ ಮಧ್ಯಾಹ್ನ 2ರ ಬಿಸಿಲೂ ಇಳಿಬಿಸಿಲಲ್ಲ. ಗಡಿಯಾರ ಬೇಡ ಎನ್ನುವವರು ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವಷ್ಟು ಹೊತ್ತೂ ಮುಖ ಮರೆಮಾಡಬೇಕು.

## ದಿನಚರಿಯಲ್ಲೇ ಅಡಗಿರುವ ಕಾರಣಗಳು

ಬೆನ್ನು, ತೋಳು, ಮೊಣಕಾಲು ಕಪ್ಪಾಗ್ಯಾವೆ. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ.

ಉಜ್ಜುತ್ತಿರುವುದರಿಂದಲೇ ಹೋಗುತ್ತಿಲ್ಲ. ಪ್ಲಾಸ್ಟಿಕ್ ನಾರು, ಬ್ರಷ್, ಕಲ್ಲು, ಒರಟು ಟವೆಲ್‌ನಿಂದ ದಿನವೂ ತಿಕ್ಕಿದರೆ ಚರ್ಮ ತನ್ನನ್ನು ಕಾಯ್ದುಕೊಳ್ಳಲು ದಪ್ಪವಾಗುತ್ತದೆ, ಬಣ್ಣ ಹೆಚ್ಚಿಸುತ್ತದೆ. ಮೇಲ್ಬೆನ್ನಿನಲ್ಲಿ, ತೋಳಿನ ಹೊರಮೈಯಲ್ಲಿ ಅಲೆಅಲೆಯಾಗಿ ಬೂದುಕಂದು ಗೆರೆ ಕಂಡರೆ ಹೆಚ್ಚಾಗಿ ಇದೇ. ಮೂಳೆ ಎದ್ದು ಕಾಣುವ ಜಾಗದಲ್ಲೇ, ಅಂದರೆ ಕೊರಳೆಲುಬು, ಬೆನ್ನುಮೂಳೆ, ಮೊಣಕೈ ಮೇಲೆ ಹೆಚ್ಚು ಮೂಡುವುದು ಇದರ ಗುರುತು. ಕೊಳೆ ಎಂದುಕೊಂಡು ಮತ್ತಷ್ಟು ತಿಕ್ಕುತ್ತಾರೆ, ಮತ್ತಷ್ಟು ಕಪ್ಪಾಗುತ್ತದೆ.

ನಾರನ್ನು ಇವತ್ತೇ ಎತ್ತಿಡಿ. ಅಂಗೈಯಲ್ಲಿ ಸೋಪಿನ ನೊರೆ ಮಾಡಿ ಸವರಿ ತೊಳೆಯಿರಿ. ನೀರು ಉಗುರುಬೆಚ್ಚಗಿರಲಿ. ಮೈ ಹಸಿ ಇರುವಾಗಲೇ, ಮೂರು ನಿಮಿಷದೊಳಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿ. ದಪ್ಪಗಾದ ಜಾಗಕ್ಕೆ ಯೂರಿಯಾ ಶೇ 10ರ ಕ್ರೀಮ್ ರಾತ್ರಿ ಹೊತ್ತು ಹಚ್ಚಬಹುದು. ಬಣ್ಣ ತಿಳಿಯಾಗಲು ಆರು ತಿಂಗಳಾದರೂ ಬೇಕು.

ಸೀರೆ ಉಡುವವರ ಸೊಂಟದ ಸುತ್ತ ಲಂಗದ ಲಾಡಿಯ ಗುರುತು ಕಪ್ಪಾಗುವುದೂ ಇದೇ ಜಾತಿಯದು. ಲಾಡಿಯ ಬದಲು ಅಗಲ ಪಟ್ಟಿ ಹಾಕಿಸಿ, ಗಂಟು ಕಟ್ಟುವ ಜಾಗವನ್ನು ದಿನ ಬಿಟ್ಟು ದಿನ ಬದಲಿಸಿ. ವರ್ಷಗಟ್ಟಲೆ ಲಾಡಿ ಕೊರೆದ ಜಾಗದಲ್ಲಿ ಮಾಯದ ಹುಣ್ಣು ಆದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಅಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಆದದ್ದೂ ಉಂಟು.

ಮಗಳಿಗೆ ಹದಿನಾರು. ಕುತ್ತಿಗೆ ಹಿಂದೆ ಕರ್ರಗೆ, ಮಖಮಲ್ಲಿನ ಥರ ದಪ್ಪ ಆಗೈತೆ. ಸ್ನಾನ ಸರಿಯಾಗಿ ಮಾಡಲ್ಲ ಅಂತ ಬೈತೀವಿ.

ದಯವಿಟ್ಟು ಬೈಯಬೇಡಿ. ಅದು ಕೊಳೆಯಲ್ಲ. ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ಹೀಗೆ ದಪ್ಪಗೆ ಕಪ್ಪಾದರೆ ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿರುವ ಸೂಚನೆ. ಮೈ ಇನ್ಸುಲಿನ್ನಿಗೆ ಸರಿಯಾಗಿ ಓಗೊಡದಿದ್ದಾಗ ಅದು ಹೆಚ್ಚು ಸುರಿಯುತ್ತದೆ, ಚರ್ಮದ ಕೋಶಗಳು ಅದರಿಂದ ಬೆಳೆಯುತ್ತವೆ. ಮುಂದೆ ಸಕ್ಕರೆ ಕಾಯಿಲೆ ಬರುವ ಮುನ್ನವೇ ಕೊರಳು ಹೇಳುವ ಮಾತಿದು. ಖಾಲಿ ಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗಿದ್ದು, ಗಲ್ಲದಲ್ಲಿ ಕೂದಲೂ ಇದ್ದರೆ ಪಿಸಿಓಡಿ ಎಂಬ ಅಂಡಾಶಯದ ತೊಂದರೆ ಇದೆಯೇ ನೋಡಿಸಬೇಕು. ತೂಕ ಹೆಚ್ಚಿದ್ದರೆ ಅದರ ಶೇ 5ರಿಂದ 10 ಇಳಿದರೂ ಕುತ್ತಿಗೆ ತಿಳಿಯಾಗತೊಡಗುತ್ತದೆ. ಕ್ರೀಮ್ ಎರಡನೆಯದು.

ನಡುವಯಸ್ಸು ದಾಟಿದವರಲ್ಲಿ ಇದು ದಿಢೀರನೆ ಬಂದು ತೂಕವೂ ಇಳಿಯುತ್ತಿದ್ದರೆ ಬೇರೆ ವಿಷಯ. ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನಮ್ಮ ಯಜಮಾನ್ರು ಹೊಲದಾಗ ದುಡಿಯೋರು. ಮುಖ, ಕಣ್ಣುರೆಪ್ಪೆ, ಕತ್ತು ಕಪ್ಪಾಗಿ ಚರ್ಮ ಒರಟಾಗೈತೆ, ಬಾಳ ತುರಿಸ್ತದೆ. ಬಿಸಿಲಿಂದಾ?

ತುರಿಕೆ ಇದೆ ಎಂದ ಕೂಡಲೇ ಪಾರ್ಥೇನಿಯಂ ನೆನಪಾಗಬೇಕು. ಮೆಕ್ಕೆಜೋಳದ ಹೊಲದ ಬದು, ರಸ್ತೆಬದಿ, ಖಾಲಿ ಸೈಟು ಎಲ್ಲೆಲ್ಲೂ ಬೆಳೆಯುವ ಈ ಕಾಂಗ್ರೆಸ್ ಗಿಡದ ಪುಡಿ ಗಾಳಿಯಲ್ಲಿ ತೇಲಿ ಮುಖಕ್ಕೆ ಕೂರುತ್ತದೆ. ಅದರಲ್ಲಿರುವ ಪಾರ್ಥೆನಿನ್ ಎಂಬ ವಸ್ತುವಿಗೆ ಒಮ್ಮೆ ಅಲರ್ಜಿ ಹುಟ್ಟಿದರೆ ಪ್ರತಿ ಸಲ ತಾಗಿದಾಗಲೂ ಚರ್ಮ ಕೆರಳುತ್ತದೆ. ಕಣ್ಣುರೆಪ್ಪೆ, ಕತ್ತಿನ ಮಡಿಕೆ, ಮೊಣಕೈ ಒಳಸಂದು ಇದರ ಜಾಗ. ಬರೀ ಬಿಸಿಲಿನ ತೊಂದರೆಯಾದರೆ ರೆಪ್ಪೆ, ಗಲ್ಲದ ಕೆಳಗೆ, ಕಿವಿಯ ಹಿಂದೆ ಚರ್ಮ ಕೆಡದೆ ಉಳಿಯುತ್ತದೆ. ಪುಡಿಗೆ ಆ ಮರೆ ಇಲ್ಲ. ವರ್ಷಗಳು ಕಳೆದಂತೆ ಚರ್ಮ ದಪ್ಪಗಾಗಿ ಐವತ್ತರವರು ಎಪ್ಪತ್ತರವರಂತೆ ಕಾಣುತ್ತಾರೆ.

ಗಿಡವನ್ನು ಹೂ ಬಿಡುವ ಮೊದಲೇ ತೆಗೆಸಬೇಕು, ಅಲರ್ಜಿ ಇರುವವರು ಮಾತ್ರ ಅದನ್ನು ಕೀಳಬಾರದು. ಒಣಗಿದ ಗಿಡ ಸುಟ್ಟರೂ ಆ ಹೊಗೆ, ಬೂದಿಯ ಹತ್ತಿರ ಹೋಗಬಾರದು. ತುಂಬುತೋಳಿನ ಅಂಗಿ, ಮುಖಕ್ಕೆ ಸುತ್ತಿದ ಟವೆಲ್ ಬೇಕು. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಆ ಟವೆಲ್ಲನ್ನು ದಿನವೂ ಒಗೆಯಬೇಕು, ಇಲ್ಲವಾದರೆ ಪುಡಿ ಅದರಲ್ಲೇ ಕೂತಿರುತ್ತದೆ. ಬಟ್ಟೆಯನ್ನು ಬೇಲಿ ಮೇಲೆ, ಗಿಡದ ಮೇಲೆ ಒಣಹಾಕಬೇಡಿ. ಖಚಿತಪಡಿಸಲು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ 48 ಗಂಟೆಯ ನಂತರ ನೋಡುವ ಪ್ಯಾಚ್ ಪರೀಕ್ಷೆ ಇದೆ. ಮೆಡಿಕಲ್ ಕಾಲೇಜುಗಳ ಚರ್ಮರೋಗ ವಿಭಾಗದಲ್ಲಿ ಇದರ ಬಗ್ಗೆ ಕೇಳಿ.

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಬಿಸಿಲಿಗೆ ಹೋಗೋದೇ ಇಲ್ಲ, ಆದ್ರೂ ಬಂಗು ಜಾಸ್ತಿ ಆಗ್ತಿದೆ.

ಬೆಂಕಿಯ ಶಾಖಕ್ಕೂ ಬಂಗು ಕೆರಳುತ್ತದೆ. ಭಟ್ಟಿ, ದೋಸೆ ಕಾವಲಿ, ರೊಟ್ಟಿ ಹಂಚು, ಕಟ್ಟಿಗೆ ಒಲೆ ಎಲ್ಲದಕ್ಕೂ ಇದೇ ಮಾತು. ಸನ್‌ಸ್ಕ್ರೀನ್ ಶಾಖವನ್ನು ತಡೆಯುವುದಿಲ್ಲ. ಫ್ಯಾನಿನ ಗಾಳಿ ಉರಿಗೆ ತಾಗದಂತೆ ನಿಮ್ಮ ಪಕ್ಕದಿಂದ ಬೀಸಲಿ, ಮುಖವನ್ನು ಬೆಂಕಿಯಿಂದ ಆದಷ್ಟು ದೂರ ಇಡಿ, ಗಂಟೆಗೊಮ್ಮೆ ಹೊರಬಂದು ತಣ್ಣೀರಲ್ಲಿ ಮುಖ ತೊಳೆಯಿರಿ. ಬೆಂಕಿಯ ಹತ್ತಿರ ಕಾಲು ಚಾಚಿ ಕೂರುವವರ ಮೊಣಕಾಲ ಕೆಳಗೆ ಬಲೆಯಂಥ ಕಂದು ಗೆರೆಗಳು ಮೂಡುವುದೂ ಶಾಖದಿಂದಲೇ.

ಬಿಂದಿ ಇಡೋ ಜಾಗ ಬೆಳ್ಳಗಾಗೈತೆ. ಹೇರ್ ಡೈ ಹಾಕಿದ ಮೇಲೆ ಹಣೆ ಅಂಚು ಕಪ್ಪಾಗೈತೆ. ಎರಡೂ ಒಂದೇ ಕಾರಣನಾ?

ಎರಡೂ ರಾಸಾಯನಿಕದ ಕೆಲಸ, ಆದರೆ ಬೇರೆ ಬೇರೆ. ಸ್ಟಿಕ್ಕರ್ ಬಿಂದಿಯ ಅಂಟಿನಲ್ಲಿರುವ ಪ್ಯಾರಾ ಟರ್ಷರಿ ಬ್ಯುಟೈಲ್ ಫಿನಾಲ್ ಕೆಲವರಲ್ಲಿ ಬಣ್ಣದ ಕೋಶಗಳನ್ನೇ ಕೊಲ್ಲುತ್ತದೆ. ಬಿಳುಪು ಕಂಡ ದಿನವೇ ಸ್ಟಿಕ್ಕರ್ ಬಿಡಬೇಕು. ಬೇಗ ಬಿಟ್ಟರೆ ಬಣ್ಣ ಮರಳುವ ಅವಕಾಶ ಹೆಚ್ಚು. ಹೇರ್ ಡೈಯಲ್ಲಿರುವ ಪಿಪಿಡಿ ಅಲರ್ಜಿ ಎಬ್ಬಿಸಿ ಹಣೆ, ಕಿವಿಯ ಮುಂದೆ, ಕತ್ತಿನಲ್ಲಿ ಬೂದುಗಪ್ಪು ಮಾಡುತ್ತದೆ. ತುರಿಕೆ ಇಲ್ಲದೆಯೂ ಇದು ಆಗಬಹುದು. ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿಗಳಲ್ಲೂ ಪಿಪಿಡಿ ಇರುತ್ತದೆ. ಶುದ್ಧ ಮದರಂಗಿ ಕೆಂಪು ಬಣ್ಣ ಬಿಡುತ್ತದೆ, ಕಪ್ಪು ಬಿಡುವುದಿಲ್ಲ.

ಹೈವೇಲಿ ಲಾರಿ ಓಡಿಸ್ತೀನಿ. ಬಲಗೈ, ಬಲಗೆನ್ನೆ ಮಾತ್ರ ಕಪ್ಪು.

ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿದೆ, ಬಲಗಡೆಯ ಕಿಟಕಿಯಿಂದ ಬಿಸಿಲು ಬೀಳುತ್ತದೆ. ಮುಂದಿನ ಗಾಜು ಎರಡು ಪದರದ್ದಾದ್ದರಿಂದ ಯುವಿಎ ಎಂಬ ಬಗೆಯ ಅತಿನೇರಳೆ ಕಿರಣವನ್ನು ಬಹುಪಾಲು ತಡೆಯುತ್ತದೆ. ಪಕ್ಕದ ಸಾದಾ ಗಾಜು ಅಷ್ಟು ತಡೆಯುವುದಿಲ್ಲ, ಇಳಿಸಿದ್ದರೆ ಕೇಳುವುದೇ ಬೇಡ. ಯುವಿಎ ಚರ್ಮದ ಕೆಳಪದರದವರೆಗೆ ಇಳಿದು ಕೊಲಾಜೆನ್ ಮುರಿಯುತ್ತದೆ. ಅಮೆರಿಕದಲ್ಲಿ 28 ವರ್ಷ ಟ್ರಕ್ ಓಡಿಸಿದ ಒಬ್ಬರ ಎಡಕೆನ್ನೆ ಮಾತ್ರ ಜೋತು ಸುಕ್ಕುಗಟ್ಟಿದ ಚಿತ್ರ 2012ರಲ್ಲಿ ಪ್ರಕಟವಾಗಿತ್ತು. ಅಲ್ಲಿ ಚಾಲಕ ಕೂರುವುದು ಎಡಕ್ಕೆ. ಬಲತೋಳಿಗೆ ಬಟ್ಟೆಯ ತೋಳುಚೀಲ ಹಾಕಿ, ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿ.

ಬೀಡಿಗೂ ಮುಖದ ಸುಕ್ಕಿಗೂ ಏನು ಸಂಬಂಧ?

ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಹೊಗೆ ಕೊಲಾಜೆನ್ ಕರಗಿಸುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ತುಟಿಯ ಸುತ್ತ ಗೆರೆ, ಮಂಕು ಮುಖ, ಕಪ್ಪು ತುಟಿ ಅದರ ಫಲ. ಬಿಟ್ಟರೆ ಮುಂದಿನ ಹಾನಿ ನಿಲ್ಲುತ್ತದೆ.

ಬೋರ್ ನೀರಲ್ಲಿ ಸ್ನಾನ ಮಾಡಿ ಕಪ್ಪಾದ್ವಿ ಅಂತಾರೆ. ನಿಜನಾ?

ನೇರವಾಗಿ ಇಲ್ಲ. ಗಡಸು ನೀರಿನಲ್ಲಿ ಸೋಪು ಸರಿಯಾಗಿ ಕರಗದೆ ಚರ್ಮದ ಮೇಲೆ ಉಳಿದು ಒಣಗಿಸುತ್ತದೆ. ಒಣಚರ್ಮ ತುರಿಸುತ್ತದೆ, ತುರಿಸಿದ್ದು ಕಪ್ಪಾಗುತ್ತದೆ. ಚಿತ್ರದುರ್ಗ ಕಡೆಯ ಕೆಲವು ಕೊಳವೆಬಾವಿಗಳ ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುತ್ತದೆ, ಮುಖದ ಕಲೆಗೆ ಅದು ಕಾರಣವಲ್ಲ.

ಬೆರಳ ಗೆಣ್ಣುಗಳು ಮಾತ್ರ ಕಪ್ಪಾಗ್ತಿವೆ. ಸುಸ್ತೂ ಇದೆ.

ಬಿ12 ಕೊರತೆ ಇರಬಹುದು. ಮಾಂಸ, ಮೊಟ್ಟೆ ತಿನ್ನದೆ ಹಾಲು, ಮೊಸರೂ ಕಡಿಮೆ ಇರುವವರಲ್ಲಿ ಇದು ಸಾಮಾನ್ಯ. ಗೆಣ್ಣು, ಅಂಗೈ ಗೆರೆ ಕಪ್ಪಾಗುತ್ತವೆ, ಕೈಕಾಲು ಜೋಮು ಹಿಡಿಯುತ್ತದೆ, ನಾಲಿಗೆ ಉರಿಯುತ್ತದೆ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡು ಬಿ12 ಕೊಟ್ಟರೆ ಕೆಲವು ತಿಂಗಳಲ್ಲಿ ಬಣ್ಣ ಇಳಿಯುತ್ತದೆ. ಇದೇ ಕಪ್ಪು ಒಸಡಿನಲ್ಲೂ ಮೂಡಿ, ತೂಕ ಇಳಿದು, ಬಿಪಿ ಕಡಿಮೆಯಾಗಿ, ಉಪ್ಪು ತಿನ್ನುವ ಆಸೆ ಹೆಚ್ಚಾದರೆ ಅಡ್ರಿನಲ್ ಗ್ರಂಥಿಯ ಪರೀಕ್ಷೆ ಬೇಕು.

## ಏನು ಹಚ್ಚಬೇಕು, ಏನು ಹಚ್ಚಬಾರದು

ಸನ್‌ಸ್ಕ್ರೀನ್ ಹಚ್ತೀನಿ, ಏನೂ ಉಪಯೋಗ ಆಗ್ತಿಲ್ಲ. ಯಾವುದು ತಗೋಬೇಕು, ಎಷ್ಟು ಹಚ್ಚಬೇಕು?

ಹೆಚ್ಚಿನವರು ಹಚ್ಚುವುದು ಬೇಕಾದ ಪ್ರಮಾಣದ ಕಾಲುಭಾಗ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖ ಮತ್ತು ಕುತ್ತಿಗೆಗೆ ಸರಿಹೋಗುತ್ತದೆ, ಸುಮಾರು 1 ಗ್ರಾಂ. ಹೊರಡುವ 15–20 ನಿಮಿಷ ಮೊದಲು ಹಚ್ಚಿ. ಹೊರಗೇ ಇದ್ದರೆ, ಬೆವರಿದರೆ ಎರಡು ಗಂಟೆಗೊಮ್ಮೆ ಮತ್ತೆ. ದಿನಕ್ಕೆ ಎರಡು ಸಲ ಹಚ್ಚುವವರ 50 ಗ್ರಾಂ ಟ್ಯೂಬ್ 25 ದಿನಕ್ಕೆ ಮುಗಿಯಬೇಕು. ಆರು ತಿಂಗಳು ಬಂದರೆ ಹಚ್ಚಿದ್ದು ಸಾಲದು.

ಎಸ್‌ಪಿಎಫ್ 30 ಅಥವಾ ಮೇಲೆ, ಪಿಎ ಮೂರು ಪ್ಲಸ್ ಇರಲಿ. ಎಸ್‌ಪಿಎಫ್ ಹೇಳುವುದು ಯುವಿಬಿ ಎಂಬ ಇನ್ನೊಂದು ಬಗೆಯ ಅತಿನೇರಳೆ ಕಿರಣವನ್ನು ತಡೆಯುವ ಶಕ್ತಿ, ಪಿಎ ಹೇಳುವುದು ಯುವಿಎ ತಡೆಯುವ ಶಕ್ತಿ. ಬಂಗು ಇರುವವರಿಗೆ ಇನ್ನೊಂದು ಅಂಶ ಮುಖ್ಯ: ಕಣ್ಣಿಗೆ ಕಾಣುವ ನೀಲಿ ಬೆಳಕೂ ನಮ್ಮಂಥ ಚರ್ಮದಲ್ಲಿ ಬಣ್ಣ ಹೆಚ್ಚಿಸುತ್ತದೆ, ಬಿಳಿ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ.

ಇಷ್ಟು ಖರ್ಚು ಎಲ್ಲರಿಂದ ಆಗದು. ಆಗದವರಿಗೆ ಬಟ್ಟೆಯೇ ಬಲ. ದಟ್ಟ ನೇಯ್ಗೆಯ, ಗಾಢ ಬಣ್ಣದ, ಒಣ ಬಟ್ಟೆ ಹೆಚ್ಚು ತಡೆಯುತ್ತದೆ. ಬೆವರಿಗೆ ನೆನೆದ ತೆಳು ಬಿಳಿ ಬಟ್ಟೆ ಕಡಿಮೆ. ಹೊಲದಲ್ಲಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅದರ ಮೇಲೆ ಅಗಲ ಅಂಚಿನ ಟೋಪಿ ಹಾಕಿದರೆ ಒಳ್ಳೆಯ ರಕ್ಷಣೆ.

ನಿಂಬೆಹಣ್ಣು, ಅರಿಶಿನ, ಕಡ್ಲೆಹಿಟ್ಟು, ಟೂತ್‌ಪೇಸ್ಟ್. ಮನೆಮದ್ದಲ್ಲಿ ಯಾವುದು ಒಳ್ಳೇದು?

ನಿಂಬೆರಸ ಬೇಡವೇ ಬೇಡ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಗುಳ್ಳೆ ಎದ್ದು ತಿಂಗಳುಗಟ್ಟಲೆ ಕಪ್ಪು ಉಳಿಯುತ್ತದೆ. ಟೂತ್‌ಪೇಸ್ಟ್, ಅಡುಗೆ ಸೋಡಾ, ಸುಣ್ಣ ಚರ್ಮ ಸುಡುತ್ತವೆ. ಕಡ್ಲೆಹಿಟ್ಟನ್ನು ನೀರಲ್ಲಿ ಕಲಸಿ ಮೆಲ್ಲಗೆ ತೊಳೆದರೆ ತೊಂದರೆಯಿಲ್ಲ, ಒಣಗಿಸಿ ತಿಕ್ಕಿ ಉದುರಿಸಿದರೆ ಉಜ್ಜಾಟವಾಯಿತು. ಶುದ್ಧ ಅರಿಶಿನ ಹೆಚ್ಚಿನವರಿಗೆ ಒಗ್ಗುತ್ತದೆ, ಬಂಗು ಮಾತ್ರ ಅದರಿಂದ ಹೋಗುವುದಿಲ್ಲ.

ಮೆಡಿಕಲ್ ಶಾಪಲ್ಲಿ ಕೊಟ್ಟ ಟ್ಯೂಬ್ ಹಚ್ಚಿದೆ, ವಾರದಲ್ಲೇ ಮುಖ ಫಳಫಳ. ಬಿಟ್ರೆ ಉರಿ, ಕೆಂಪು, ಮೊಡವೆ. ಈಗ ಬಿಡಕ್ಕೇ ಆಗ್ತಿಲ್ಲ.

ನಮ್ಮ ಕಡೆ ಮುಖ ಕೆಡಿಸುತ್ತಿರುವ ದೊಡ್ಡ ಕಾರಣಗಳಲ್ಲಿ ಇದೂ ಒಂದು, ಮತ್ತು ಪೂರ್ತಿ ತಪ್ಪಿಸಬಹುದಾದದ್ದು. ಟ್ಯೂಬ್ ಮೇಲಿನ ಸಣ್ಣ ಅಕ್ಷರ ಓದಿ. ಕ್ಲೊಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುಯೊಸಿನೊಲೋನ್ ಎಂದಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸಿ ಮುಖವನ್ನು ಕ್ಷಣಕ್ಕೆ ಬಿಳುಪಾಗಿಸುತ್ತದೆ. ವಾರ, ತಿಂಗಳು ಕಳೆದಂತೆ ಚರ್ಮ ತೆಳುವಾಗುತ್ತದೆ, ಕೆಂಪು ನಾಳಗಳು ಕಾಣುತ್ತವೆ, ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ, ಬಿಸಿಲಿಗೆ, ಒಲೆಗೆ ಉರಿ ತಡೆಯಲಾಗುವುದಿಲ್ಲ. ನಿಲ್ಲಿಸಿದ ಕೂಡಲೇ ಎಲ್ಲ ಕೆರಳುತ್ತದೆ. ಮತ್ತೆ ಅದನ್ನೇ ಹಚ್ಚುತ್ತಾರೆ.

ಗಜಕರ್ಣಕ್ಕೆ ಕೊಡುವ ಮೂರು–ನಾಲ್ಕು ಔಷಧಿ ಬೆರೆಸಿದ ಕ್ರೀಮುಗಳದ್ದೂ ಇದೇ ಕಥೆ. ತುರಿಕೆ ಎರಡು ದಿನಕ್ಕೆ ನಿಲ್ಲುತ್ತದೆ, ಶಿಲೀಂಧ್ರ ಒಳಗೊಳಗೆ ಹರಡುತ್ತದೆ, ಕೊನೆಗೆ ಅಗಲ ಕಪ್ಪು ಕಲೆ ಉಳಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ತಂದಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ.

ಬಿಡುವುದು ಹೇಗೆ? ಚರ್ಮವೈದ್ಯರ ಕೈಯಲ್ಲೇ ಬಿಡಿ. ತುಂಬಾ ದಿನ ಹಚ್ಚಿದವರಿಗೆ ಕಡಿಮೆ ಶಕ್ತಿಯದಕ್ಕೆ ಇಳಿಸಿ, ಟ್ಯಾಕ್ರೊಲಿಮಸ್‌ನಂಥ ಸ್ಟೀರಾಯ್ಡ್ ಅಲ್ಲದ ಮುಲಾಮಿಗೆ ಬದಲಿಸುತ್ತಾರೆ. ಮೊದಲ ಕೆಲವು ವಾರ ಮುಖ ಕೆಟ್ಟದಾಗಿಯೇ ಇರುತ್ತದೆ. ತಣ್ಣೀರ ಬಟ್ಟೆ, ವಾಸನೆಯಿಲ್ಲದ ಮಾಯಿಶ್ಚರೈಸರ್, ಮೃದು ಕ್ಲೆನ್ಸರ್ ಬಿಟ್ಟರೆ ಬೇರೇನೂ ಹಚ್ಚಬೇಡಿ. ಫೇಶಿಯಲ್, ಬ್ಲೀಚ್ ಮುಟ್ಟಲೇಬೇಡಿ. ಪೂರ್ತಿ ಸುಧಾರಿಸಲು ತಿಂಗಳುಗಳು ಬೇಕು, ಸುಧಾರಿಸುತ್ತದೆ.

ಡಬ್ಬಿ ಮೇಲೆ ಏನೂ ಬರೆದಿಲ್ಲದ ಫೇರ್‌ನೆಸ್ ಕ್ರೀಮ್ ಪಾರ್ಲರ್‌ನಲ್ಲಿ ಕೊಟ್ರು. ಹಚ್ಚಬಹುದಾ?

ಬೇಡ. ತಯಾರಕರ ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಒಳಗಿರುವ ವಸ್ತುಗಳ ಪಟ್ಟಿ ಇಲ್ಲದ ಡಬ್ಬಿಯಲ್ಲಿ ಸ್ಟೀರಾಯ್ಡ್ ಅಥವಾ ಪಾದರಸ ಇರುವ ಅಪಾಯ ಹೆಚ್ಚು. ಪಾದರಸ ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡ ಕೆಡಿಸುತ್ತದೆ. ಈಗಾಗಲೇ ಹಚ್ಚಿದ್ದು, ಮೂತ್ರದಲ್ಲಿ ನೊರೆ, ಕಾಲು, ಕಣ್ಣ ಕೆಳಗೆ ಬಾವು ಇದ್ದರೆ ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ, ಡಬ್ಬಿಯನ್ನೂ ಡಾಕ್ಟರಿಗೆ ತೋರಿಸಿ.

ಬಸುರಿಯಲ್ಲಿ ಬಂದ ಬಂಗು ಹೆರಿಗೆ ಆದ್ಮೇಲೆ ಹೋಗುತ್ತಾ?

ಹಲವರಿಗೆ ಹೆರಿಗೆಯ ನಂತರ ಕೆಲವು ತಿಂಗಳಿಂದ ವರ್ಷದೊಳಗೆ ತಿಳಿಯಾಗುತ್ತದೆ, ಎಲ್ಲರಿಗೂ ಅಲ್ಲ. ಬಸುರಿ ಇರುವಾಗ ಬಂಗಿಗೆ ಕೊಡುವ ಟ್ರೆಟಿನಾಯಿನ್, ಹೈಡ್ರೊಕ್ವಿನೋನ್ ಕ್ರೀಮ್, ಟ್ರಾನೆಕ್ಸಾಮಿಕ್ ಮಾತ್ರೆ ಬೇಡ. ಝಿಂಕ್ ಆಕ್ಸೈಡ್ ಸನ್‌ಸ್ಕ್ರೀನ್, ಡಾಕ್ಟರು ಹೇಳಿದರೆ ಅಝೆಲೆಯಿಕ್ ಆಮ್ಲದ ಕ್ರೀಮ್ ಹಚ್ಚಬಹುದು. ಗರ್ಭನಿರೋಧಕ ಮಾತ್ರೆ ಶುರುಮಾಡಿದ ಮೇಲೆ ಬಂಗು ಹೆಚ್ಚಾದರೆ ಬೇರೆ ವಿಧಾನದ ಬಗ್ಗೆ ಹೆರಿಗೆ ಡಾಕ್ಟರನ್ನು ಕೇಳಿ.

## ಚಿಕಿತ್ಸೆಯ ಒಳಹೊರಗು

ಹೈಡ್ರೊಕ್ವಿನೋನ್ ಒಳ್ಳೇದು ಅಂತಾರೆ, ಅಪಾಯ ಅಂತಾನೂ ಅಂತಾರೆ. ಯಾವುದು ನಂಬೋದು?

ಎರಡೂ ನಿಜ. ಮೆಲನಿನ್ ತಯಾರಾಗಲು ಬೇಕಾದ ಟೈರೋಸಿನೇಸ್ ಎಂಬ ಕಿಣ್ವವನ್ನು ಇದು ತಡೆಯುತ್ತದೆ. ಶೇ 2ರಿಂದ 4ರ ಕ್ರೀಮನ್ನು ರಾತ್ರಿ, ಕಲೆಯ ಮೇಲೆ ಮಾತ್ರ ಹಚ್ಚಬೇಕು. ಫಲ ಕಾಣಲು 6–8 ವಾರ ಬೇಕು. ಮೂರು ತಿಂಗಳ ಆಸುಪಾಸಿಗೆ ನಿಲ್ಲಿಸಿ, ಅಝೆಲೆಯಿಕ್ ಆಮ್ಲ ಅಥವಾ ನಿಯಾಸಿನಮೈಡ್ ಶೇ 4–5ಕ್ಕೆ ಬದಲಾಗಬೇಕು. ವರ್ಷಗಟ್ಟಲೆ ಹಚ್ಚಿದರೆ ಓಕ್ರೊನೋಸಿಸ್ ಎಂಬ ನೀಲಿಗಪ್ಪು ಬಣ್ಣ ಚರ್ಮದೊಳಗೆ ಕೂರುತ್ತದೆ, ಅದನ್ನು ತೆಗೆಯುವುದು ಬಹಳ ಕಷ್ಟ. ಬಂಗು ಹೆಚ್ಚಾಯಿತೆಂದು ಇನ್ನಷ್ಟು ಹಚ್ಚುವುದು ಇಲ್ಲಿ ಆಗುವ ತಪ್ಪು. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರೂ ಕೂಡಿದ ಕ್ರೀಮ್ ಬಂಗಿಗೆ ಪರಿಣಾಮಕಾರಿ, ಆದರೆ ಸಾಮಾನ್ಯವಾಗಿ ಎಂಟು ವಾರದ ಲೆಕ್ಕಕ್ಕೆ, ಡಾಕ್ಟರ ಕಣ್ಣಳತೆಯಲ್ಲಿ.

ಸುಕ್ಕಿಗೆ ರೆಟಿನಾಲ್, ಟ್ರೆಟಿನಾಯಿನ್ ಹಚ್ಚಿ ಮುಖ ಸುಲಿದುಹೋಯ್ತು. ಎಲ್ಲಿ ತಪ್ಪಿತು?

ಪ್ರಮಾಣದಲ್ಲಿ, ಅವಸರದಲ್ಲಿ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಟ್ರೆಟಿನಾಯಿನ್ ಶೇ 0.025ರಿಂದ ಶುರುಮಾಡಿ, ವಾರಕ್ಕೆ ಎರಡು ರಾತ್ರಿ ಮಾತ್ರ. ಮುಖ ತೊಳೆದು ಪೂರ್ತಿ ಒಣಗಲು 20 ನಿಮಿಷ ಬಿಡಿ. ಚರ್ಮ ಸೂಕ್ಷ್ಮವಿದ್ದರೆ ಮೊದಲು ಮಾಯಿಶ್ಚರೈಸರ್, ಮೇಲೆ ಔಷಧಿ, ಮತ್ತೆ ಮಾಯಿಶ್ಚರೈಸರ್. ಕಣ್ಣಂಚು, ಮೂಗಿನ ಮೂಲೆ, ತುಟಿಯ ಅಂಚು ಬಿಡಿ. ತಿಂಗಳಾದ ಮೇಲೆ ದಿನ ಬಿಟ್ಟು ದಿನ. ನಮ್ಮ ಚರ್ಮದಲ್ಲಿ ಸುಲಿದ ಜಾಗವೇ ಕಪ್ಪಾಗುವುದರಿಂದ ಈ ನಿಧಾನ ಅಗತ್ಯ. ಸಣ್ಣ ಗೆರೆಗಳಲ್ಲಿ ವ್ಯತ್ಯಾಸ ಕಾಣಲು ಮೂರರಿಂದ ಆರು ತಿಂಗಳು. ಜೋತುಬಿದ್ದ ಕೆನ್ನೆಗೆ ಕ್ರೀಮಿನ ಉಪಯೋಗ ಕಡಿಮೆ, ಅಲ್ಲಿ ಕೊಬ್ಬು, ಮೂಳೆ ಎರಡೂ ಸವೆದಿರುತ್ತವೆ.

ಲೇಸರ್ ಮಾಡಿಸಿದ್ರೆ ಬಂಗು ಒಂದೇ ಸಲಕ್ಕೆ ಹೋಗುತ್ತಾ? ಗ್ಲುಟಾಥಯೋನ್ ಇಂಜೆಕ್ಷನ್?

ಬಂಗಿಗೆ ಲೇಸರ್ ಮೊದಲ ಆಯ್ಕೆಯಲ್ಲ. ಅದರ ಶಾಖವೇ ಕೋಶಗಳನ್ನು ಕೆರಳಿಸಿ ಮೊದಲಿಗಿಂತ ಕಪ್ಪು ಮಾಡಬಹುದು, ನಿಲ್ಲಿಸಿದ ಮೇಲೆ ಮರಳುವುದೂ ಸಾಮಾನ್ಯ. ಮದುವೆ ಹತ್ತಿರ ಬಂದಾಗ ಮಾಡಿಸಬೇಡಿ. ಕ್ರೀಮುಗಳಿಗೆ ಬಗ್ಗದ ಬಂಗಿಗೆ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ, ಸಾಮಾನ್ಯವಾಗಿ 250 ಮಿಲಿಗ್ರಾಂ ದಿನಕ್ಕೆರಡು ಸಲ, ಕೆಲವು ತಿಂಗಳು ಕೊಡುತ್ತಾರೆ. ರಕ್ತ ಹೆಪ್ಪುಗಟ್ಟುವ ತೊಂದರೆ, ಪಾರ್ಶ್ವವಾಯು, ಹೃದಯಾಘಾತ ಆದವರು, ಗರ್ಭನಿರೋಧಕ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು. ಬಿಳುಪಿಗೆಂದು ಕೊಡುವ ಗ್ಲುಟಾಥಯೋನ್ ಇಂಜೆಕ್ಷನ್ನಿಗೆ ಗಟ್ಟಿ ಆಧಾರವಿಲ್ಲ, ತೀವ್ರ ಅಲರ್ಜಿಯ ಅಪಾಯ ಇದೆ.

ಅಂಗಾಲಲ್ಲಿ ಕಪ್ಪು ಮಚ್ಚೆ ಇದೆ. ನೋವಿಲ್ಲ, ಬಿಟ್ಟುಬಿಡಬಹುದಾ?

ಬಿಡಬೇಡಿ. ನಮ್ಮ ಜನರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅಪರೂಪ, ಆದರೆ ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಹುಟ್ಟಿನಿಂದ ಹಾಗೇ ಇರುವ ಮಚ್ಚೆ ಬೇರೆ. ಹೊಸದಾಗಿ ಬಂದದ್ದು, ಅಂಚು ಅಡ್ಡಾದಿಡ್ಡಿ, ಎರಡು ಮೂರು ಬಣ್ಣ, 6 ಮಿಲಿಮೀಟರಿಗಿಂತ ದೊಡ್ಡದು, ಬೆಳೆಯುತ್ತಿರುವುದು, ರಕ್ತ ಬರುವುದು ಇವುಗಳಲ್ಲಿ ಯಾವುದಿದ್ದರೂ ತಿಂಗಳೊಳಗೆ ತೋರಿಸಿ. ಒಂದೇ ಉಗುರಿನ ಕಪ್ಪು ಗೆರೆ ಅಗಲವಾಗಿ ಬುಡದ ಚರ್ಮಕ್ಕೂ ಹಬ್ಬಿದರೆ ಅದನ್ನೂ ತೋರಿಸಿ.

ಡಾಕ್ಟ್ರ ಹತ್ರ ಹೋಗೋವಾಗ ಏನೇನು ತಗೊಂಡು ಹೋಗ್ಬೇಕು?

ಈವರೆಗೆ ಹಚ್ಚಿದ ಎಲ್ಲ ಟ್ಯೂಬ್, ಡಬ್ಬಿ, ಪಾರ್ಲರಿನದೂ ಸೇರಿ, ಖಾಲಿಯಾಗಿದ್ದರೂ ಸರಿ. ನುಂಗುವ ಮಾತ್ರೆಗಳ ಚೀಟಿ: ಮಲೇರಿಯಾ, ಸಂಧಿವಾತಕ್ಕೆ ಕೊಡುವ ಕ್ಲೋರೊಕ್ವಿನ್ ಜಾತಿಯವು, ಮಿನೊಸೈಕ್ಲಿನ್, ಕುಷ್ಠಕ್ಕೆ ಕೊಡುವ ಕ್ಲೊಫಾಝಿಮಿನ್ ಚರ್ಮದ ಬಣ್ಣ ಬದಲಿಸುತ್ತವೆ. ಡಾಕ್ಟರನ್ನು ಕೇಳದೆ ಅವನ್ನು ನಿಲ್ಲಿಸಬೇಡಿ. ಕಲೆ ಶುರುವಾಗುವ ಮೊದಲಿನ ಒಂದು ಫೋಟೊ ಮೊಬೈಲಿನಲ್ಲಿರಲಿ. ಆ ದಿನ ಪೌಡರ್, ಕ್ರೀಮ್, ಕುಂಕುಮ ಹಚ್ಚದೆ ಹೋಗಿ, ವುಡ್ಸ್ ಲ್ಯಾಂಪ್ ಬೆಳಕಿನಲ್ಲಿ ಬಣ್ಣದ ಆಳ ನೋಡುವಾಗ ಅವು ಅಡ್ಡಬರುತ್ತವೆ. ಎಷ್ಟು ತಿಂಗಳಿಂದ ಇದೆ, ಮುಟ್ಟು ಸರಿಯಾಗಿದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ, ದಿನಕ್ಕೆ ಎಷ್ಟು ಹೊತ್ತು ಬಿಸಿಲಲ್ಲಿ ಅಥವಾ ಒಲೆ ಮುಂದೆ ಇರುತ್ತೀರಿ ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಹತ್ತು ನಿಮಿಷದ ಭೇಟಿಯಲ್ಲಿ ಯಾವುದೂ ಮರೆಯುವುದಿಲ್ಲ.